ಇನ್ನೂರು ವ್ಯಾಟಿನ ಮಬ್ಬು

ಹಲಸೂರಿನ ನಮ್ಮ ಸೋದರಮಾವನ ಮನೆಗೆ ಹೋಗುವವರು ಜೇಬಿನಲ್ಲೊಂದು ಟಾರ್ಚ್ ಇಟ್ಟುಕೊಂಡು ಹೋಗಬೇಕಿತ್ತು ಎಂದರೆ ನೀವು ನಗುತ್ತೀರಿ. ನಗಿ. ನಾನು ಆ ವಿಷಯಕ್ಕೆ ನಗುವುದನ್ನು ಬಿಟ್ಟು ಬಹಳ ಕಾಲವಾಯಿತು. ಆ ಮನೆಯಲ್ಲಿ ನಾನು ಉಪ್ಪಿಟ್ಟು ಎಂದುಕೊಂಡು ಕೇಸರಿಬಾತಿಗೆ ಉಪ್ಪಿನಕಾಯಿ ಹಾಕಿಸಿಕೊಂಡು ತಿಂದಿದ್ದೇನೆ! ಕರೆಂಟಿರಲಿಲ್ಲವೇ? ಇತ್ತು. ಬಲ್ಬಿರಲಿಲ್ಲವೇ? ಇನ್ನೂರು ವ್ಯಾಟಿನದೇ ಇತ್ತು! ಆದರೆ ಅದರ ಕುತ್ತಿಗೆ ಹಿಸುಕಲು ಗೋಡೆಯ ಮೇಲೆ ಬೆಳಕು ಏರಿಸಿ ಇಳಿಸುವ ಡಿಮ್ಮರ್ ಇತ್ತು, ಡಿಮ್ಮರಿನ ಪಕ್ಕದಲ್ಲಿ ಮಾವ ಇದ್ದರು.

ಮಾವನ ಕಸುಬೇ ಅದು. ಕಂಟೋನ್ಮೆಂಟ್ ಕಡೆಯ ಒಂದು ಟಾಕೀಸಿನಲ್ಲಿ ಮೂವತ್ತು ವರ್ಷ ದೀಪದ ಕೆಲಸ. ಆಟ ಶುರುವಾಗುವ ಮುಂಚೆ ಹಾಲಿನ ದೀಪಗಳನ್ನು ಮೆಲ್ಲಗೆ ಇಳಿಸಬೇಕು. "ಪಟ್ ಅಂತ ಆರ್ಸೋದಕ್ಕೆ ಯಾರಿಂದಾದ್ರೂ ಆಗುತ್ತೆ. ಬೆಳಕು ಹೋಗ್ತಿದೆ ಅಂತ ಜನಕ್ಕೆ ಗೊತ್ತೇ ಆಗ್ಬಾರ್ದು, ಅದು ಕಸುಬು ಕಣೋ" ಎನ್ನುತ್ತಿದ್ದರು. ಅಲ್ಲಿನ ಡಿಮ್ಮರ್ ಹಳೆಯ ಕಾಲದ್ದು, ತಂತಿಸುರುಳಿ ತುಂಬಿದ ದೊಡ್ಡ ಪೆಟ್ಟಿಗೆ. ಹಿಡಿ ಇಳಿಸಿದಷ್ಟೂ ಕರೆಂಟು ಹೆಚ್ಚು ಹೆಚ್ಚು ತಂತಿಯಲ್ಲಿ ಸುತ್ತಿ ಬರಬೇಕು, ಸುತ್ತುವಾಗ ಒಂದಷ್ಟು ಅಲ್ಲೇ ಬಿಸಿಯಾಗಿ ದಂಡವಾಗಬೇಕು. ಮಾವ ದಂಡವಾಗಲು ಬಿಡುವವರೇ? ಮೂಲೆಯ ದೀಪಗಳು ಆಟ ಮುಗಿಯುವವರೆಗೂ ಮಂದವಾಗಿ ಉರಿಯುತ್ತಿದ್ದವು. ಅಷ್ಟು ಹೊತ್ತು ಪೆಟ್ಟಿಗೆಯ ಮೇಲೆ ಮಾವನ ಕ್ಯಾರಿಯರಿನ ಸಾರು ಬಿಸಿಯಾಗುತ್ತಿತ್ತು. ಎರಡನೇ ಸಾಲಿನವರೆಗೂ ಹುಣಿಸೆಹಣ್ಣಿನ ಘಮ!

ತೊಂಬತ್ತರ ದಶಕದ ಕೊನೆಗೆ ಆ ಟಾಕೀಸು ಮುಚ್ಚಿತು. ಅದೇ ತಿಂಗಳು ಅತ್ತೆಯ ಕಣ್ಣು ಮಂಜಾಯಿತೆಂದು ಮಾವ ಶಿವಾಜಿನಗರದ ಡಾಕ್ಟರಿಗೆ ತೋರಿಸಿ, ದಪ್ಪ ಕನ್ನಡಕ ಕೊಡಿಸಿಕೊಂಡು ಬಂದರು. ಅತ್ತೆ ಸೀರೆಗಳಿಗೆ ಫಾಲ್ ಹೊಲಿಯುವವರು. ಕೈಯಲ್ಲಿ ಸೂಜಿ ಇಲ್ಲದಿದ್ದರೆ ಅವರಿಗೆ ಊಟ ಸೇರದು. ಮನೆಯೋ ಗಲ್ಲಿಯೊಳಗಿನ ಗಲ್ಲಿಯಲ್ಲಿ. ಹಗಲಲ್ಲೂ ದೀಪ ಬೇಕು. ಇಂಥ ಹೆಂಡತಿಗೆ, ಇಂಥ ಮನೆಯಲ್ಲಿ, ಬುದ್ಧಿಯಿದ್ದ ಗಂಡ ಏನು ಮಾಡುತ್ತಾನೆ? ಬೆಳಕು ಹೆಚ್ಚಿಸುತ್ತಾನೆ. ನಮ್ಮ ಮಾವ ಡಿಮ್ಮರ್ ತಂದು ಬೆಳಕು ಇಳಿಸಿದರು!

"ರೀ, ಇದೇನ್ರೀ ಮಬ್ಬು?"

"ಸೂಜಿಗೆ ದಾರ ಹೋಗುತ್ತೋ ಇಲ್ವೋ?"

"ಹೋಗುತ್ತೆ, ಆದ್ರೆ..."

"ಹೋದ್ರೆ ಸಾಕು."

ಅಲ್ಲಿಂದ ತಿಂಗಳ ಮೊದಲ ಶುಕ್ರವಾರ ಸೂಜಿ ಪರೀಕ್ಷೆ ಎಂಬ ಹೊಸ ಹಬ್ಬ ಶುರುವಾಯಿತು. ಅತ್ತೆ ದಾರ ಪೋಣಿಸಬೇಕು, ಮಾವ ನೋಡಬೇಕು, ಆಮೇಲೆ ಡಿಮ್ಮರಿನ ಗುಂಡಿಯ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಗೆರೆ ಎಳೆಯಬೇಕು. ನಿವೃತ್ತಿಯಾದವರಿಗೆ ತಲೆ ಕೆಡುವುದುಂಟು, ಆದರೆ ಇಷ್ಟೊಂದೇ?

ಜಗಳಕ್ಕೆ ಹೋದರೆ ನನಗೇ ಪಾಠ. "ಇದು ಟಾಕೀಸಿನ ಡಿಮ್ಮರ್ ಥರ ಕರೆಂಟನ್ನ ಸುಡಲ್ಲ ಕಣೋ, ಕತ್ತರಿಸುತ್ತೆ. ಮನೆ ಕರೆಂಟು ಸೆಕೆಂಡಿಗೆ ನೂರು ಸಲ ಉಬ್ಬಿ ಇಳಿಯುತ್ತೆ. ಪ್ರತಿ ಉಬ್ಬಿನ ಮುಂದಿನ ತುಂಡನ್ನ ತೆಗೆದುಹಾಕಿ ಉಳಿದಿದ್ದನ್ನ ಬಲ್ಬಿಗೆ ಬಿಡುತ್ತೆ. ಸೌತೆಕಾಯಿ ತೊಟ್ಟು ಕತ್ತರಿಸಲ್ವಾ, ಹಾಗೆ. ಗುಂಡಿ ಇಳಿಸಿದಷ್ಟೂ ತುಂಡು ದೊಡ್ಡದು. ಬಲ್ಬಿನ ತಂತಿ ತಣ್ಣಗಾಗೋ ಮೊದ್ಲೇ ಮುಂದಿನ ಉಬ್ಬು ಬಂದ್ಬಿಡುತ್ತೆ. ಕಣ್ಣಿಗೆ ಗೊತ್ತೇ ಆಗಲ್ಲ!"

ಕಣ್ಣಿಗೆ ಗೊತ್ತಾಗದಿದ್ದದ್ದು ಕಿವಿಗೆ ಗೊತ್ತಾಯಿತು. ಆ ಕತ್ತರಿಯಾಟಕ್ಕೆ ಅತ್ತೆಯ ರೇಡಿಯೊ ಗುಂಯ್ ಎನ್ನತೊಡಗಿ, ವಾರ್ತೆ ಓದುವವರ ಜೊತೆ ಒಂದು ದುಂಬಿಯೂ ವಾರ್ತೆ ಓದಿತು.

ಕೊನೆಗೆ ನಾನು ಶಿವಾಜಿನಗರದ ಎಲೆಕ್ಟ್ರಿಕ್ ಅಂಗಡಿಯ ಸಾಹೇಬರ ಮೊರೆ ಹೊಕ್ಕೆ. "ಡಿಮ್ಮರ್ ತಿನ್ನೋದು ಚೂರೇ ಚೂರು ಸಾಬ್. ಬಲ್ಬೇ ಕಾಮ್‌ಚೋರ್, ಮೈಗಳ್ಳ! ಅರ್ಧ ಕರೆಂಟ್ ಕೊಟ್ರೆ ಅರ್ಧ ಬೆಳಕು ಕೊಡಲ್ಲ, ಕಾಲು ಕೊಡುತ್ತೆ. ಬಾಕಿ ಎಲ್ಲಾ ಗರಂ. ಮಬ್ಬೇ ಬೇಕಂದ್ರೆ ಚಿಕ್ಕ ಬಲ್ಬ್ ಹಾಕ್ಸಿ" ಎಂದರು ಅವರು. ಗೆದ್ದೆನೆಂದು ಓಡಿದೆ.

"ಮಾವ, ಇನ್ನೂರು ವ್ಯಾಟ್ ಹಾಕಿ ಹಿಸುಕೋದು ದಂಡ. ನಲವತ್ತರ ಬಲ್ಬ್ ಹಾಕಿ ಸಾಕು!"

"ಗೊತ್ತು ಕಣೋ."

"ಗೊತ್ತಿದ್ದೂ?"

"ಟಾಕೀಸಲ್ಲಿ ನಾನು ಬಲ್ಬ್ ಬದಲಾಯ್ಸಿ ಬದಲಾಯ್ಸಿ ಕತ್ತಲೆ ಮಾಡ್ತಿದ್ನಾ?"

ಹಣೆ ಚಚ್ಚಿಕೊಂಡು ಬಂದೆ. ಕಣ್ಣು ಮಂಜಾದ ಹೆಂಡತಿಯನ್ನು ಕತ್ತಲಲ್ಲಿ ಕೂರಿಸುವ ಮನುಷ್ಯನ ಜೊತೆ ಇನ್ನೇನು ಮಾತು? ಅದೇ ಹೊತ್ತಿಗೆ ಮಾರತ್ತಹಳ್ಳಿಗೆ ಮನೆ ಬದಲಾಯಿಸಿದ್ದೆ. ಟ್ರಾಫಿಕ್ಕಿನ ನೆಪವೂ ಸಿಕ್ಕಿತು. ಎರಡು ವರ್ಷ ಹಲಸೂರಿನ ಕಡೆ ತಲೆ ಹಾಕಲಿಲ್ಲ. ಅದಕ್ಕೆ ಈಗ ನನಗೆ ನಾಚಿಕೆಯಾಗುತ್ತದೆ.

ಮತ್ತೆ ಹೋದದ್ದು ಒಂದು ಶುಕ್ರವಾರ ಮಧ್ಯಾಹ್ನ. ಬಾಗಿಲು ತೆಗೆದರೆ ಕಣ್ಣು ಕುಕ್ಕುವ ಬೆಳಕು! ಗೋಡೆಯ ಹಲ್ಲಿಯ ಕಾಲ್ಬೆರಳೂ ಎಣಿಸಬಹುದು. ಅಂತೂ ಮಾವ ಸೋತರು ಎಂದು ಹಿಗ್ಗಿದೆ.

"ಅತ್ತೆ, ಅಂತೂ ಬೆಳಕು ಹೆಚ್ಚು ಮಾಡ್ಸಿದ್ರಿ!"

ಅತ್ತೆ ನನ್ನ ದನಿ ಬಂದ ಕಡೆಗೆ ತಿರುಗಿದರು. "ಎಲ್ಲಿ ಹೆಚ್ಚು ಮಾಡಿದ್ರಪ್ಪ? ಅದೇ ಮಬ್ಬು. ಅವತ್ತಿಂದ ಇವತ್ತಿನವರೆಗೂ ಒಂದು ಚೂರು ಬದಲಾಗಿಲ್ಲ ನೋಡು."

ನಾನು ಕಣ್ಣಿಗೆ ಕೈ ಅಡ್ಡ ಹಿಡಿದು ನಿಂತಿದ್ದೆ. ಡಿಮ್ಮರಿನ ಗುಂಡಿ ನೋಡಿದೆ. ಸುತ್ತಲೂ ಪೆನ್ಸಿಲ್ ಗೆರೆಗಳು, ಒಂದಕ್ಕಿಂತ ಒಂದು ಮೇಲೆ. ಗುಂಡಿ ಕೊನೆಯ ಗೆರೆಯಲ್ಲಿತ್ತು.

ಮಾವ ನನ್ನನ್ನು ಗಲ್ಲಿಗೆ ಎಳೆದುಕೊಂಡು ಬಂದರು. "ಕಣ್ಣಿನ ಹಿಂದಿನ ಪರದೆ ಸವೀತಿದೆ, ಆಪರೇಷನ್ ಇಲ್ಲ, ಔಷಧಿ ಇಲ್ಲ ಅಂತ ಡಾಕ್ಟ್ರು ಅವತ್ತೇ ಹೇಳಿದ್ರು. ಅವಳಿಗೆ ಬರೀ ಕನ್ನಡಕ ಅಂದೆ. ಮೊದ್ಲೇ ಇಳಿಸಿ ಇಟ್ಕೊಂಡ್ರೆ ತಾನೆ ಆಮೇಲೆ ಏರ್ಸೋಕೆ ಜಾಗ ಇರೋದು? ಅವಳ ಕಣ್ಣು ಇಳಿದಷ್ಟೂ ಏರಿಸ್ದೆ. ಬೈದ್ರೆ ನನ್ನ ಬೈಲಿ, ತನ್ನ ಕಣ್ಣನ್ನಲ್ಲ ಅಂತ." ಗಾಳಿಯಲ್ಲೇ ಗುಂಡಿ ತಿರುಗಿಸುವಂತೆ ಬೆರಳು ತಿರುಗಿಸಿದರು. "ಇನ್ನು ತಿರುಗ್ಸೋಕೆ ಜಾಗ ಇಲ್ಲ ಕಣೋ."

ಒಳಗಿಂದ ಅತ್ತೆ ಕೂಗಿದರು. "ರೀ, ಇವತ್ತು ಪರೀಕ್ಷೆ ಅಲ್ವಾ? ಒಂಚೂರು ಹೆಚ್ಚಿಸ್ರೀ, ನಿಮ್ಮಪ್ಪನ ಗಂಟೇನು ಹೋಗುತ್ತೆ?"

ಮಾವ ಒಳಗೆ ಹೋಗಿ ಗುಂಡಿಯ ಮೇಲೆ ಕೈಯಿಟ್ಟರು. ಗುಂಡಿ ಅಲುಗಲಿಲ್ಲ. "ಹೂಂ, ಹೆಚ್ಚಿಸ್ದೆ. ಸೂಜಿ ಕೊಡು ಇಲ್ಲಿ, ನಾನು ಹಿಡ್ಕೋತೀನಿ, ನಿನ್ ಕೈ ನಡುಗುತ್ತೆ."

ಅತ್ತೆ ದಾರದ ತುದಿಯನ್ನು ನಾಲಿಗೆಯಲ್ಲಿ ಒದ್ದೆ ಮಾಡಿ ಮುಂದೆ ಚಾಚಿದರು. ದಾರ ಎತ್ತಲೋ ಹೊರಟಿತ್ತು. ಮಾವ ಉಸಿರು ಬಿಗಿಹಿಡಿದು, ಸೂಜಿಯನ್ನು ಮೆಲ್ಲಗೆ, ಮೆಲ್ಲಗೆ, ಆ ದಾರದ ದಾರಿಗೇ ಕೊಂಡೊಯ್ದರು.

"ನೋಡಿದ್ರಾ?" ಎಂದರು ಅತ್ತೆ ಬೀಗುತ್ತ. "ಬೆಳಕಿದ್ರೆ ಒಂದೇ ಸಲಕ್ಕೆ ಹೋಗುತ್ತೆ!"