ಕಾವ್ಯಳ ಮನೆ, ಶರಣನ ಮನೆ

ಒಂದು ಮನೆಗೆ ಒಂದೇ ಸಂಪರ್ಕ, ಒಂದು ಸಂಪರ್ಕಕ್ಕೆ ಒಂದೇ ಕಂಪ್ಯೂಟರ್ ಎಂಬುದು ಗಾಳಿಗುಡ್ಡ ಇಂಟರ್‌ನೆಟ್ ಸೇವಾ ಸಂಸ್ಥೆಯ ನಿಯಮವಾಗಿತ್ತು. ಗ್ರಾಹಕರ ಹಿತದೃಷ್ಟಿಯಿಂದ ರೂಪಿಸಲಾದ ಈ ನಿಯಮದಿಂದ ಯಾವ ಗ್ರಾಹಕನಿಗೆ ಯಾವ ಹಿತವಾಯಿತೆಂದು ಕೇಳುವ ಅಧಿಕಾರ ಗ್ರಾಹಕರಿಗೆ ಇರಲಿಲ್ಲ.

ಶ್ರೀರಾಂಪುರದ ಆಚೆ ಕಂಬಳಿಕಟ್ಟೆ ಎಂಬ ಊರಿನಲ್ಲಿ ಶರಣ್ ಕೊಬ್ಬರಿ ವ್ಯಾಪಾರ ಮಾಡಿಕೊಂಡಿದ್ದನು. ಬೆಳಗಾದರೆ ಕಂಪ್ಯೂಟರ್ ಮುಂದೆ ಕೂತು ಕೊಬ್ಬರಿ ಹರಾಜಿನಲ್ಲಿ ಬೆಲೆ ಕೂಗುತ್ತಿದ್ದನು. ಅವನ ಹೆಂಡತಿ ಕಾವ್ಯ ಮದುವೆಗೆ ಮುಂಚೆ ಹಿರಿಯೂರಿನಲ್ಲಿ ಗಣಿತದ ಮೇಡಂ ಆಗಿದ್ದವಳು. ಈಗ ಮನೆಯಿಂದಲೇ ಮಕ್ಕಳಿಗೆ ಪಾಠ ಹೇಳುವ ಕೆಲಸ ಸಿಕ್ಕಿ, ತನ್ನದೇ ಒಂದು ಕಂಪ್ಯೂಟರ್ ತಂದಳು. ಪಾಠದ ಹೊತ್ತೂ ಹರಾಜಿನ ಹೊತ್ತೂ ಒಂದೇ. ಸೋಮವಾರ ಪಾಠ ಶುರುವಾಗದಿದ್ದರೆ ಕೆಲಸ ಬೇರೆಯವರಿಗೆ ಹೋಗುತ್ತಿತ್ತು.

ಗಂಡ ಹೆಂಡತಿ ಹೊಸದುರ್ಗಕ್ಕೆ ಹೋಗಿ ಸಂಸ್ಥೆಯ ಶಾಖಾಧಿಕಾರಿ ಮಾರುತಿಯವರನ್ನು ಕಂಡರು.

"ಇರೋ ಲೈನನ್ನೇ ಎರಡು ಕಂಪ್ಯೂಟರಿಗೆ ಹಂಚಿಕೊಡ್ರಿ ಸಾರ್," ಎಂದನು ಶರಣ್.

"ಹಂಚೋದು ಅಪರಾಧ ಐತ್ರಿ," ಎಂದರು ಮಾರುತಿ.

"ಹಂಗಾರೆ ಇನ್ನೊಂದು ಲೈನ್ ಕೊಡ್ರಿ."

"ಒಂದು ಮನೆಗೆ ಎರಡು ಕೊಡಾಕೆ ಬರಲ್ರಿ."

ಕಾವ್ಯ ಸ್ವಲ್ಪ ಯೋಚಿಸಿ, "ಎರಡು ಮನೆ ಆದ್ರೆ ಕೊಡ್ತೀರಾ?" ಎಂದಳು.

"ಸಂತೋಷವಾಗಿ ಕೊಡ್ತೀವಮ್ಮ. ಮನೆ ಬೇರೆ ಆಗಾಕೆ ಜಗಳ ಏನೂ ಆಡೋದು ಬ್ಯಾಡ. ಪಂಚಾಯ್ತಿಯಿಂದ ಬೇರೆ ಮನೆ ನಂಬರ್ ತಂದ್ರೆ ಸಾಕು."

ಮನೆ ಒಂದು ಹೆಚ್ಚಿದರೆ ಕಂದಾಯವೂ ಹೆಚ್ಚುವುದರಿಂದ ಪಂಚಾಯ್ತಿ ಕಾರ್ಯದರ್ಶಿ ಚಿತ್ರಲಿಂಗಪ್ಪನವರು ಅರ್ಜಿ ಕೊಟ್ಟ ದಿನವೇ ಬಂದರು. ನಡುಮನೆಯ ಮಧ್ಯೆ ಸುಣ್ಣದ ಗೆರೆ ಎಳೆದರು. ಅಡುಗೆಮನೆ ಕಾವ್ಯಳಿಗೆ, ಜಗಲಿ ಶರಣನಿಗೆ ಎಂದು ತೀರ್ಮಾನವಾಯಿತು. ಶರಣನ ತಾಯಿ ಶಿವಗಂಗಮ್ಮನ ಮಂಚ ಮಾತ್ರ ಗೆರೆಯ ಮೇಲೇ ಇತ್ತು.

"ತಲೆ ಯಾವ ಕಡೆಗೈತೋ ಆ ಮನೆಯ ನಿವಾಸಿ," ಎಂದು ಕಾರ್ಯದರ್ಶಿಗಳು ನಿಯಮ ತಿಳಿಸಿದರು.

ಶಿವಗಂಗಮ್ಮ ದಿಂಬನ್ನು ಅಡುಗೆಮನೆಯ ಕಡೆಗೆ ತಿರುಗಿಸಿಕೊಂಡರು.

ಭಾನುವಾರ ಸಂಸ್ಥೆಯ ಲೈನ್‌ಮನ್ ಹನುಮೇಶ್ ಬಂದು ಕಂಬ ಹತ್ತಿ ಇಳಿದನು. ಕಂಬದಲ್ಲಿ ಇನ್ನೊಂದು ಲೈನಿಗೆ ಜಾಗವಿರಲಿಲ್ಲ. ಆದಕಾರಣ ಅವನು ಶರಣನ ಲೈನಿಗೇ ಒಂದು ಪುಟ್ಟ ಡಬ್ಬಿ ಸಿಕ್ಕಿಸಿ, ಅದರಿಂದ ಒಂದು ವೈರನ್ನು ಗೆರೆ ದಾಟಿಸಿ ಕಾವ್ಯಳ ಕಂಪ್ಯೂಟರಿಗೆ ಕೊಟ್ಟನು. ಎರಡೂ ಚೆನ್ನಾಗಿ ಓಡಿದವು.

"ಇದು ಹಂಚಿದಂಗೇ ಆಯ್ತಲ್ಲಪ್ಪ," ಎಂದಳು ಕಾವ್ಯ.

"ಒಂದೇ ಮನೆಯಾಗೆ ಹಂಚಿದ್ರೆ ಅಪರಾಧ ಅಕ್ಕ. ಎರಡು ಮನೆಗೆ ಹಂಚಿದ್ರೆ ಅದು ಸೇವಾ ವಿಸ್ತರಣೆ," ಎಂದು ಹನುಮೇಶ್ ಎರಡು ಬಿಲ್ಲು ಕೊಟ್ಟು ಹೋದನು.

ಸೋಮವಾರ ಪರದೆಯ ಮೇಲೆ ಮಕ್ಕಳ ಮುಖಗಳು ಮೂಡಿದಾಗ ಕಾವ್ಯ ಒಬ್ಬೊಬ್ಬರದಾಗಿ ಹೆಸರು ಕೇಳಿದಳು. ಆಮೇಲೆ ಭಿನ್ನರಾಶಿಯಿಂದ ಶುರುಮಾಡಿದಳು. ನೆರೆಮನೆಯವರಿಗೆ ತೊಂದರೆಯಾಗಬಾರದೆಂದು ಶರಣ್ ಮೆಲುದನಿಯಲ್ಲಿ ಬೆಲೆ ಕೂಗಿದನು.

ಸುದ್ದಿ ಹಬ್ಬಿ ಊರಿನವರೆಲ್ಲ ಸುಣ್ಣದ ಗೆರೆಗೆ ಅರ್ಜಿ ಹಾಕಿದರು. ತಿಂಗಳೊಪ್ಪತ್ತಿನಲ್ಲಿ ಪಂಚಾಯ್ತಿ ಕಚೇರಿಯ ಮುಂದೆ ಪ್ರಕಟಣೆ ಬಿತ್ತು: "ಒಂದೂ ಇಟ್ಟಿಗೆ ಬಳಸದೆ ಗ್ರಾಮದ ಮನೆಗಳ ಸಂಖ್ಯೆ ದುಪ್ಪಟ್ಟಾಗಿದ್ದು, ವಸತಿ ಸಮಸ್ಯೆ ಸಂಪೂರ್ಣ ನಿವಾರಣೆಯಾಗಿರುತ್ತದೆ." ಜನ ಓದಿ ಹೆಮ್ಮೆಪಟ್ಟರು.

ಈಗ ಸಂಜೆ ಊಟದ ಹೊತ್ತಿಗೆ ಶರಣ್ ಅಂಗಿ ಬದಲಿಸಿ, ತಲೆ ಬಾಚಿಕೊಂಡು ಅಡುಗೆಮನೆಯವರ ಕಡೆಗೆ ಬರುತ್ತಾನೆ. ಕಾವ್ಯ ನೀರು ಕೊಟ್ಟು, "ಬರ್ರಿ, ಕುಂತ್ಕಳ್ರಿ," ಎನ್ನುತ್ತಾಳೆ. ಇಷ್ಟು ಮರ್ಯಾದೆ ಮದುವೆಯಾದಾಗಿನಿಂದ ಸಿಕ್ಕಿರಲಿಲ್ಲವೆಂದು ಅವನ ಅಭಿಪ್ರಾಯ. ಅವಳೂ ನೆಂಟರು ಬಂದರೆಂದು ಮುದ್ದೆಗೆ ಒಂದು ಚಮಚ ತುಪ್ಪ ಹೆಚ್ಚು ಹಾಕುತ್ತಾಳೆ. ಉಂಡಾದ ಮೇಲೆ ಅವನು ಕೈಮುಗಿದು, "ಬರ್ತೀನಿ, ಹೊತ್ತಾಯ್ತು. ನೀವೂ ಒಂದಿನ ನಮ್ಮನೆ ಕಡೆ ಬರ್ರಿ," ಎನ್ನುತ್ತಾನೆ.

"ಎಲ್ಲಿ, ಪುರುಸೊತ್ತೇ ಆಗಲ್ಲ," ಎನ್ನುತ್ತಾಳೆ ಕಾವ್ಯ.