ನಿಲ್ಲದ ಗಮನಕ್ಕೆ ಕಣ್ಣಿನ ಕಸರತ್ತು

ಗಮನ ಒಂದು ಕಡೆ ನಿಲ್ಲದ ಹೆಂಗಸು ಹೊಲಿಗೆ ಕೆಲಸಕ್ಕೆ ಕೂತರೆ ವಾರಕ್ಕೊಂದಾದರೂ ನಗೆಪಾಟಲು ತಪ್ಪಿದ್ದಲ್ಲ. ಅಜ್ಜಂಪುರದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಹೆಂಗಸರ ಬಟ್ಟೆ ಹೊಲಿಯುತ್ತೇನೆ. ಮೊದಲು ಬೀದಿಯವರು ನಗೋರು, ನಾನು ಅಳ್ತಿದ್ದೆ. ಈಗ ಎಲ್ಲರೂ ಒಟ್ಟಿಗೆ ನಗುತ್ತೇವೆ.

೧. ಎರಡೂ ಎಡಗೈ

ಹೈಸ್ಕೂಲ್ ಟೀಚರ್ ಒಬ್ಬರು ರೇಷ್ಮೆ ಬ್ಲೌಸ್ ಹೊಲಿಯೋಕೆ ಕೊಟ್ಟಿದ್ದರು. ಒಂದು ತೋಳು ಕತ್ತರಿಸಿದ್ದೆ, ಸೊಪ್ಪಿನವಳು ಕೂಗಿದಳು. ಸೊಪ್ಪು ತಗೊಂಡೆ. ಬಿಡಿಸ್ತಾ ಕೂತಾಗ ಒಗೆದಿಟ್ಟ ಬಟ್ಟೆ ನೆನಪಾಯ್ತು. ಒಣಹಾಕೋಕೆ ಹೋದೆ. ಅಲ್ಲಿ ಪಕ್ಕದ ಮನೆಯವಳ ಜೊತೆ ಮಾತು. ವಾಪಸ್ ಬಂದು ಇನ್ನೊಂದು ತೋಳು ಕತ್ತರಿಸಿ ಹೊಲಿದೂ ಬಿಟ್ಟೆ.

ಮಾರನೇ ದಿನ ಟೀಚರ್ ಹಾಕ್ಕೊಂಡು ನೋಡಿದರು. ಬಲತೋಳು ತಿರುಚಿಕೊಂಡು ಕೈ ಅರ್ಧಕ್ಕೇ ನಿಂತಿತು. ನಾನು ಹೊಲಿದದ್ದು ಎರಡೂ ಎಡಗೈ ತೋಳು!

ಬೈಗುಳ ಬೀಳುತ್ತೆ ಅಂತ ತಲೆ ತಗ್ಗಿಸಿ ನಿಂತೆ. ಅವರು ಬೈಯಲಿಲ್ಲ. "ಮೊದಲಿಂದಲೂ ಹೀಗೇನಾ?" ಅಂತ ಕೇಳಿದರು.

"ಒಂದನೇ ಕ್ಲಾಸಿಂದಲೂ ಹಿಂಗೇ ಟೀಚರ್. ಮಷಿನ್ ಮಾರಿಬಿಡೋಣ ಅನ್ಸುತ್ತೆ."

"ನನ್ನ ಕ್ಲಾಸಲ್ಲೂ ಇಂಥ ಇಬ್ಬರು ಇದಾರೆ. ಇದು ಸೋಮಾರಿತನ ಅಲ್ಲ ಕಣಮ್ಮ, ಗಮನದ ತೊಂದರೆ ಇರಬಹುದು. ಕಡೂರಿಗೆ ಮನಸ್ಸಿನ ಡಾಕ್ಟರ್ ಬರ್ತಾರೆ, ಒಂದ್ಸಲ ತೋರಿಸು."

ಸೋಮಾರಿ ಅಲ್ಲ ಅಂತ ನನಗೆ ಹೇಳಿದವರು ಅವರೇ ಮೊದಲು. ಕಣ್ಣಲ್ಲಿ ನೀರು ಬಂತು, ಕೈ ಮುಗಿದೆ. ಅವರೂ ತಿರುಗಿ ಕೈ ಮುಗಿಯೋಕೆ ನೋಡಿದರು. ಎಡಗೈ ಬಂತು, ಬಲಗೈ ಮೇಲೇಳಲೇ ಇಲ್ಲ.

೨. ಡಾಕ್ಟರ ಪರದೆ

ನಮ್ಮನೆಯವರು ಗೂಡ್ಸ್ ಆಟೋ ಓಡಿಸ್ತಾರೆ. ಒಂದು ದಿನ ಬಾಡಿಗೆ ಬಿಟ್ಟು ನನ್ನನ್ನು ಕಡೂರಿಗೆ ಕರ್ಕೊಂಡು ಹೋದರು. ಡಾಕ್ಟರ್ ಹತ್ತಿರ ಉದ್ದನೆಯ ಪ್ರಶ್ನೆ ಪಟ್ಟಿ ಇತ್ತು.

"ಹಿಡಿದ ಕೆಲಸ ಅರ್ಧಕ್ಕೆ ಬಿಡ್ತೀರಾ?"

"ಬಿಡ್ತಾಳೆ ಸಾರ್," ಅಂದರು ನಮ್ಮನೆಯವರು.

"ಸಾಮಾನು ಎಲ್ಲೋ ಇಟ್ಟು ಮರೀತೀರಾ?"

"ಫೋನು ಅಕ್ಕಿ ಡಬ್ಬದಲ್ಲಿ ಸಿಕ್ಕಿತ್ತು ಸಾರ್."

"ಯಾರಾದರೂ ಮಾತಾಡ್ತಿರುವಾಗ ಮಧ್ಯದಲ್ಲೇ ಎದ್ದು ಹೋಗ್ತೀರಾ?"

ನನ್ನ ಕುರ್ಚಿ ಖಾಲಿ. ಇಬ್ಬರೂ ತಿರುಗಿ ನೋಡಿದರೆ ನಾನು ಕಿಟಕಿ ಹತ್ತಿರ ನಿಂತು ಪರದೆಯ ಅಂಚು ಹಿಡ್ಕೊಂಡಿದ್ದೆ. "ಸಾರ್, ಇಲ್ಲಿ ಹೊಲಿಗೆ ಬಿಟ್ಟಿದೆ," ಅಂದೆ.

ಡಾಕ್ಟರ್ ಪಟ್ಟಿ ಮಡಚಿಟ್ಟರು. "ಇನ್ನುಳಿದ ಪ್ರಶ್ನೆ ಬೇಡ ಬಿಡಿ," ಅಂದರು.

೩. ಮೇಡಂ ಬ್ಲೌಸು

ಡಾಕ್ಟರ್ ಮಾತ್ರೆ ಬರೆದುಕೊಟ್ಟು ಒಂದು ಮಾತು ಹೇಳಿದ್ದರು. "ತರೀಕೆರೆಯಲ್ಲಿ ಒಬ್ಬರು ಮೇಡಂ ಕಣ್ಣು ಚಲಿಸೋ ಅಭ್ಯಾಸ ಮಾಡಿಸ್ತಾರೆ. ಕಣ್ಣು ಒಂದು ಕಡೆ ನಿಲ್ಲೋದನ್ನ ಕಲಿತರೆ ಗಮನಕ್ಕೂ ಸಹಾಯ ಆಗಬಹುದು ಅಂತ ಪರೀಕ್ಷೆ ಮಾಡ್ತಿದಾರೆ. ಆಗೇ ಆಗುತ್ತೆ ಅಂತ ನಾನು ಹೇಳಲ್ಲ. ಮಾತ್ರೆ ಬಿಡದೆ ಇದನ್ನೂ ಮಾಡಿ ನೋಡಿ."

ಮೇಡಂ ಚಿಕ್ಕ ವಯಸ್ಸಿನವರು. ಒಂದು ಕಡ್ಡಿಯ ತುದಿಗೆ ಕೆಂಪು ಗುಂಡು ಸಿಕ್ಕಿಸಿ ನನ್ನ ಮುಂದೆ ಕೂತರು. "ಅಕ್ಕಾ, ತಲೆ ಅಲ್ಲಾಡಿಸಬಾರದು. ಕಣ್ಣು ಮಾತ್ರ ಗುಂಡಿನ ಹಿಂದೆ ಹೋಗಬೇಕು."

ಗುಂಡು ಎಡಕ್ಕೆ ಹೋಯ್ತು, ಕಣ್ಣೂ ಹೋಯ್ತು. ಬಲಕ್ಕೆ ಬಂತು, ಕಣ್ಣೂ ಬಂತು. ಮೇಲಕ್ಕೆ ಹೋಯ್ತು. ಕಣ್ಣು ಹೋಗಲಿಲ್ಲ.

"ಅಕ್ಕಾ, ಗುಂಡು ಎಲ್ಲಿದೆ?"

"ಗುಂಡು ಇರಲಿ ಮೇಡಂ, ನಿಮಗೆ ಬ್ಲೌಸು ಕಂಕುಳ ಹತ್ತಿರ ಬಿಗಿ ಹಿಡಿಯಲ್ವಾ?"

ಮೇಡಂ ಕಡ್ಡಿ ಕೆಳಗಿಟ್ಟರು. "ಹ್ಞೂಂ ಅಕ್ಕಾ! ನಿಮಗೆ ಹೆಂಗೆ ಗೊತ್ತಾಯ್ತು?"

ಉಳಿದ ಸಮಯವೆಲ್ಲ ಅವರ ಅಳತೆ ತಗೊಳ್ಳೋದರಲ್ಲೇ ಕಳೀತು. ಮುಂದಿನ ವಾರ ಹೋದಾಗ ಅವರು ಆ ಸೆಕೆಯಲ್ಲೂ ಕತ್ತಿನವರೆಗೆ ಬಿಳಿ ಕೋಟು ಹಾಕಿ ಗುಂಡಿ ಬಿಗಿದು ಕೂತಿದ್ದರು.

"ಏನ್ ಮೇಡಂ, ಜ್ವರಾನಾ?"

"ಇಲ್ಲ ಅಕ್ಕಾ, ಇದು ನಿಮ್ಮ ಚಿಕಿತ್ಸೆ."

೪. ಗೋಡೆ ಮೇಲಿನ ಸ್ಟಿಕರು

ಮನೆಯಲ್ಲಿ ಮಾಡೋಕೆ ಮೇಡಂ ಇನ್ನೊಂದು ಅಭ್ಯಾಸ ಕೊಟ್ಟರು. ಗೋಡೆ ಮೇಲೆ ದೂರ ದೂರ ಎರಡು ಚುಕ್ಕೆ ಇಟ್ಟು, ಕಣ್ಣನ್ನು ಒಂದರಿಂದ ಇನ್ನೊಂದಕ್ಕೆ ಹಾರಿಸಬೇಕು, ಇಪ್ಪತ್ತು ಸಲ. ನಾನು ಹಣೆಗಿಡೋ ಸ್ಟಿಕರ್ ಅಂಟಿಸಿದೆ. ಒಂದು ಕಿಟಕಿ ಪಕ್ಕ, ಇನ್ನೊಂದು ನಡುಮನೆಯ ಬಾಗಿಲ ಪಕ್ಕ.

ಒಂದು ಸಂಜೆ ಕಸರತ್ತು ಶುರು ಮಾಡಿದ್ದೆ, ಪಕ್ಕದ ಮನೆಯವಳು ಬಂದು ಕೂತಳು. ಬಂದವಳೇ ದನಿ ತಗ್ಗಿಸಿ, "ನಿಮ್ಮತ್ತೆ ಬಾಯಿ ಅಂದ್ರೆ ಬಾಯಿ ಕಣೇ. ನಿನ್ನೆ ನಲ್ಲಿ ಹತ್ರ ನನ್ನ..." ಅಂತ ಶುರು ಮಾಡಿದಳು. ನನಗೆ ಲೆಕ್ಕ ತಪ್ಪಬಾರದು. ಮನಸ್ಸಲ್ಲೇ ಎಣಿಸ್ತಾ ಹೋದೆ. ಕಣ್ಣು ಬಾಗಿಲಿಗೆ ಹೋಯ್ತು, ಬಂತು. ಮತ್ತೆ ಬಾಗಿಲಿಗೆ ಹೋಯ್ತು.

ಅತ್ತೆ ಬಾಗಿಲ ಹಿಂದೆ ಇದಾರೆ ಅಂತ ನಾನು ಸನ್ನೆ ಮಾಡ್ತಿದೀನಿ ಅಂದ್ಕೊಂಡಳು ಅವಳು. ತಕ್ಷಣ ದನಿ ಏರಿಸಿದಳು. "ನಲ್ಲಿ ಹತ್ರ ನನ್ನ ಎಷ್ಟು ಪ್ರೀತಿಯಿಂದ ಮಾತಾಡಿಸಿದ್ರು ಗೊತ್ತಾ! ಅಂಥ ಅತ್ತೆ ಈ ಅಜ್ಜಂಪುರದಲ್ಲೇ ಇಲ್ಲ ಬಿಡು!"

ಅವಳು ಎದ್ದು ಹೋದ ಮೇಲೆ ಅತ್ತೆ ನಿಜವಾಗಿಯೂ ಆ ಬಾಗಿಲ ಹಿಂದಿನಿಂದಲೇ ಈಚೆ ಬಂದರು. "ಈ ಕಸರತ್ತು ದಿನಾ ಮಾಡು ಕಣೇ," ಅಂದರು. "ನಿನಗೆ ಹೆಂಗೋ ಏನೋ, ನನಗಂತೂ ಭಾಳ ಒಳ್ಳೇದು."

೫. ಎರಡು ಗಂಟೆ

ಕಸರತ್ತು ಶುರು ಮಾಡಿ ಮೂರು ತಿಂಗಳಾಗಿತ್ತು. ಲಿಂಗದಹಳ್ಳಿಯಿಂದ ಒಬ್ಬಳು ಮದುವೆ ಹೆಣ್ಣಿನ ಬ್ಲೌಸ್ ಬಂದಿತ್ತು. ಮದುವೆಗೆ ಎರಡೇ ದಿನ. ಅವಳ ತಾಯಿ, "ನಿಮ್ಮ ಕೈಲಿ ಆಗುತ್ತಾ?" ಅಂತ ಮೂರು ಸಲ ಕೇಳಿದ್ದರು. ಆಗುತ್ತೆ ಅಂದುಬಿಟ್ಟಿದ್ದೆ.

ಮಧ್ಯಾಹ್ನ ಊಟ ಮಾಡಿ ಮಷಿನ್ ಮುಂದೆ ಕೂತೆ. ಬೀದಿಯಲ್ಲಿ ಯಾರೋ ಜಗಳ ಆಡ್ತಿದ್ದರು. ಆಡಲಿ ಅಂದ್ಕೊಂಡೆ. ಫೋನು ಬಡ್ಕೊಂಡಿತು. ಬಡ್ಕೊಳ್ಳಲಿ. ಸೂಜಿ ಹೋದ ಕಡೆ ಕಣ್ಣು ಹೋಗ್ತಿತ್ತು, ಕಣ್ಣು ಹೋದ ಕಡೆ ನಾನಿದ್ದೆ. ಅದು ಮಾತ್ರೆಯಿಂದಲೋ, ಕಸರತ್ತಿನಿಂದಲೋ, ಎರಡೂ ಸೇರಿಯೋ ನನಗೆ ಗೊತ್ತಿಲ್ಲ. ಆಮೇಲೆ ಕೇಳಿದ್ದಕ್ಕೆ ಮೇಡಂ ಕೂಡ, "ನನಗೂ ಗೊತ್ತಿಲ್ಲ ಅಕ್ಕಾ, ಮುಂದುವರಿಸೋಣ," ಅಂದರು.

ಅತ್ತೆ ಕಾಫಿ ತಂದಿಟ್ಟಿದ್ದರು. ಆರಿ ತಣ್ಣಗಾಗಿತ್ತು. ಇಣುಕಿದರು, ಕೂತಿದ್ದೆ. ಇನ್ನೊಂದು ಸಲ ಇಣುಕಿದರು, ಅಲ್ಲೇ ಕೂತಿದ್ದೆ. ಹೆದರಿಬಿಟ್ಟರು. ಬಸ್ ಸ್ಟ್ಯಾಂಡ್ ಹತ್ತಿರ ತೆಂಗಿನಕಾಯಿ ಇಳಿಸ್ತಿದ್ದ ಮಗನಿಗೆ ಫೋನ್ ಮಾಡಿ, "ಲೋ, ಬೇಗ ಬಾರೋ! ಇವಳಿಗೆ ಏನೋ ಆಗೋಗಿದೆ! ಎರಡು ಗಂಟೆಯಿಂದ ಒಂದೇ ಕಡೆ ಕೂತಿದಾಳೆ!" ಅಂದರು.

ನಮ್ಮನೆಯವರು ಅರ್ಧ ಲೋಡು ಇಳಿಸಿ, ಅರ್ಧ ಹಾಗೇ ಇಟ್ಕೊಂಡು, ದಾರಿಯಲ್ಲಿ ಬೀದಿ ಕೊನೆಯ ನರ್ಸಮ್ಮನನ್ನೂ ಹತ್ತಿಸ್ಕೊಂಡು ಓಡಿಬಂದರು. ಅಷ್ಟರಲ್ಲಿ ಅತ್ತೆ ನನ್ನ ಹಣೆಗೆ ವಿಭೂತಿ ಬಳಿದು ಆಗಿತ್ತು. ಅದೂ ನನಗೆ ಗೊತ್ತಾಗಿರಲಿಲ್ಲ.

ನಾನು ದಾರ ಕಚ್ಚಿ ತುಂಡು ಮಾಡಿ ತಲೆಯೆತ್ತಿದೆ. ಬಾಗಿಲಲ್ಲಿ ಮೂವರೂ ಬೆವರ್ತಾ ನಿಂತಿದ್ದರು.

"ಮುಗೀತು ರೀ," ಅಂದೆ.

ನಮ್ಮನೆಯವರ ಮುಖ ಬಿಳಿಚಿಕೊಂಡಿತು. "ಏನು ಮುಗೀತೇ?"

"ಬ್ಲೌಸು!"

ಅವರು ಹೊಸಿಲ ಮೇಲೇ ಕುಸಿದು ಕೂತರು. ಆಮೇಲೆ ಎದ್ದು ಬಂದು ಬ್ಲೌಸನ್ನು ಕೈಯಲ್ಲಿ ಹಿಡಿದು ನೋಡಿದರು. ಕಣ್ಣು ಒರೆಸ್ಕೊಂಡರು. ಆದರೆ ನರ್ಸಮ್ಮ ಬಂದ ಕೆಲಸ ಬಿಡೋ ಪೈಕಿ ಅಲ್ಲ. ಬಿಪಿ ಮಷಿನ್ ತೆಗೆದು ನನ್ನ ಕೈಗೆ ಪಟ್ಟಿ ಸುತ್ತಿದರು, ಚೆನ್ನಾಗಿದೆ ಅಂದರು. ಅತ್ತೆಗೆ ಸುತ್ತಿ ಹುಬ್ಬೇರಿಸಿದರು. ನಮ್ಮನೆಯವರಿಗೆ ಸುತ್ತಿ, "ಅಯ್ಯಯ್ಯೋ!" ಅಂದರು.

ಪಟ್ಟಿ ಬಿಚ್ಚಿ ಚೀಲಕ್ಕೆ ತುಂಬ್ತಾ ನರ್ಸಮ್ಮ ಅವರಿಬ್ಬರನ್ನೂ ದುರುಗುಟ್ಟಿ ನೋಡಿದರು. "ನೋಡಿ, ಈ ಮನೇಲಿ ಸರಿಯಾಗಿರೋರು ಅಂದ್ರೆ ಇವರೊಬ್ಬರೇ ಕಣ್ರೀ!"