ಗಲಾಟೆ ಕಾಲೇಜೇ ಬೇಕು ಅಂದಳು

ಮನೆಯಲ್ಲಿ ಯಾರೂ ಕಾಲೇಜು ಮೆಟ್ಟಿಲು ಹತ್ತದೇ ಇದ್ದರೆ ಹೀಗೆಲ್ಲ ಆಗ್ತಾನೇ ಇರ್ತದೆ. ನಾನು ಓದಿದ್ದು ಐದನೇ ಕ್ಲಾಸು. ಹೆಂಡತಿ ಅದೂ ಇಲ್ಲ, ನಮ್ಮೂರು ಬಾಡದಿಂದ ಕುಮಟೆಗೆ ಮೀನು ಹೊತ್ತು ಮಾರಿದವಳು. ಅವಳು ತೀರಿಹೋಗಿ ವರ್ಷ ಆತು. ಮಗಳಿಗೆ ಕಾಲೇಜು ಆರಿಸಿದ್ದು ಅವಳೇ.

೧. ಸದ್ದಿಲ್ಲದ ಕಾಲೇಜು

ಮಗಳಿಗೆ ಮಾತೇ ಕಡಿಮೆ. ಮನೆಗೆ ಜನ ಬಂದರೆ ಒಳಗೆ ಓಡುವವಳು. ಹೊನ್ನಾವರದಲ್ಲಿ ಒಂದು ಕಾಲೇಜು ನೋಡಿದೆವು. ಬಹಳ ಶಾಂತ. ನನಗೆ ಹಿಡಿಸಿತು.

"ಇದು ಬೇಡ" ಅಂದಳು ಹೆಂಡತಿ.

"ಎಂತಕ್ಕೆ?"

"ಮೀನುಪೇಟೆಲಿ ಸದ್ದಿಲ್ಲ ಅಂದ್ರೆ ಎಂತ ಅರ್ಥ? ದೋಣಿ ಬರಲಿಲ್ಲ ಅಂತ."

ಕುಮಟೆಯ ಕಾಲೇಜಿಗೆ ಹೋದೆವು. ಗೇಟಿನಲ್ಲೇ ಹುಡುಗರು ಬಾವುಟ ಹಿಡಿದು ಕೂಗಾಡುತ್ತಿದ್ದರು. "ಇಲ್ಲಿ ಸೇರಿಸಿ. ಇವಳು ಬಾಯಿ ಬಿಡೋದು ಕಲೀಲಿ" ಅಂದಳು.

೨. ಗೇಟು

ಮೊದಲ ತಿಂಗಳೇ ಮುಷ್ಕರ. ಊರಿಗೆ ಬಸ್ಸು ಬೇಕು ಅಂತ. ಹೆದರಿಕೆಯಾಗಿ ಮಗಳನ್ನು ಕರೆತರಲು ಹೋದೆ. ಮಗಳು ಮೂಲೆಯಲ್ಲಿ ಸುಮ್ಮನೆ ನಿಂತಿದ್ದಳು. ಉಳಿದವರ ಕೂಗಿಗೆ ತಾಳವೇ ಇಲ್ಲ. ಹಾಗೆ ಕೂಗಿದರೆ ಬಲೆ ಮೇಲೆ ಬರ್ತದಾ? ತಡೆಯಲಾಗಲಿಲ್ಲ.

"ಹೈ...ಸಾ!" ಅಂದೆ, ದೋಣಿಯಲ್ಲಿ ಬಲೆ ಎಳೆಯುವಾಗ ಕೂಗುವ ಹಾಗೇ.

ಗೇಟು ಹಿಡಿದು ನಿಂತವರು ನಮ್ಮ ಕೇರಿಯ ಹುಡುಗರು. ಆ ಕೂಗು ಕೇಳಿದರೆ ಕೈಯಲ್ಲಿದ್ದದ್ದನ್ನು ಎಳೆದೇ ರೂಢಿ. ಎಳೆದರು. ಗೇಟು ಕಿತ್ತು ಬಂತು.

ಪ್ರಿನ್ಸಿಪಾಲರು ಹೊರಗೆ ಬಂದಾಗ ಗೇಟು ಬೀಳದಂತೆ ಒಂದು ತುದಿ ಹಿಡಿದು ನಿಂತವನು ನಾನು.

ಮನೆಯಲ್ಲಿ ಹೆಂಡತಿ ಕೇಳಿದಳು: "ಮಗಳು ಬಾಯಿ ಬಿಡ್ಲಿ ಅಂತ ಸೇರ್ಸಿದ್ದು. ನೀವು ಬಿಟ್ಟು ಬಂದ್ರಾ?"

೩. ಭಾಷಣ

ಮೂರನೇ ವರ್ಷವೂ ಬಸ್ಸು ಬರಲಿಲ್ಲ. ಗೆಳತಿಯರು ಮಗಳನ್ನೇ ಕಾಲೇಜು ಚುನಾವಣೆಗೆ ನಿಲ್ಲಿಸಿದರು. ಭಾಷಣದ ದಿನ ನಾವಿಬ್ಬರೂ ಕಾಂಪೌಂಡಿನ ಹೊರಗೆ ನಿಂತೆವು. ಮಗಳು ಮೈಕಿನ ಮುಂದೆ ನಿಂತಳು. ಮಾತಿಲ್ಲ. ಹೆಂಡತಿ ನನ್ನ ಕೈ ಹಿಡಿದುಕೊಂಡಳು.

ಚುನಾವಣೆಯಲ್ಲಿ ಅವಳ ಎದುರು ನಿಂತ ಹುಡುಗ ಪೇಟೆಯವನು. ಕೆಳಗಿಂದ ಕೂಗಿದ: "ಮೀನು ಮಾರೋರ ಮಗಳು ಬಸ್ಸು ತರಿಸ್ತಾಳಂತೆ!"

ಮಗಳು ತಲೆ ಎತ್ತಿದಳು.

"ಹೌದು, ಮೀನು ಮಾರೋರ ಮಗಳೇ. ನಿನ್ನಮ್ಮ ನಾಲ್ಕು ಬಂಗುಡೆಗೆ ನಮ್ಮಮ್ಮನ ಹತ್ರ ಅರ್ಧ ಗಂಟೆ ಚೌಕಾಸಿ ಮಾಡ್ತಾರೆ. ನೀನು ಬಸ್ಸು ಕೇಳ್ಲಿಕ್ಕೆ ಅಂತ ಡಿಪೋದಲ್ಲಿ ಐದು ನಿಮಿಷ ನಿಲ್ಲಲಿಲ್ಲ. ನಿನ್ನ ಬದ್ಲು ನಿನ್ನಮ್ಮನ್ನೇ ಚುನಾವಣೆಗೆ ನಿಲ್ಲಿಸ್ಬೇಕಿತ್ತು!"

ಹುಡುಗರು ಹೋ ಅಂತ ಕೂಗಿದರು. ಗೆದ್ದಳು ಅಂತ ನನಗೆ ಅಲ್ಲೇ ಗೊತ್ತಾತು.

ಹೆಂಡತಿಯ ಕಣ್ಣಲ್ಲಿ ನೀರು. ಖುಷಿಗೆ ಅಂದುಕೊಂಡೆ.

"ಹೋತಲ್ಲ!" ಅಂದಳು.

"ಎಂತ ಹೋತು?"

"ಆ ಮನೆ ಗಿರಾಕಿ!"